ನಹುಷನ ಪಲ್ಲಕ್ಕಿ

ಶರನ್ನವರಾತ್ರಿಯಲ್ಲಿ ಪಾರಾಯಣಗೊಳ್ಳುವ ದೇವೀ ಮಾಹಾತ್ಮ್ಯದಲ್ಲಿ ಭಕ್ತರ ಮನಸ್ಸು ಸಹಜವಾಗಿ ಹೋಗಿ ನಿಲ್ಲುವುದು ಮಹಿಷಾಸುರನ ವಧೆಯ ಪ್ರಸಂಗದಲ್ಲಿ. ಆದರೆ ಆ ವಧೆಗೆ ಮುಂಚೆ ಏನು ನಡೆಯಿತು, ಅದರ ಅನಂತರ ಏನು ನಡೆಯಿತು ಎಂಬುದನ್ನು ನಿಧಾನವಾಗಿ ಚಿಂತಿಸುವವರು ವಿರಳ. ಯುದ್ಧಕ್ಕೆ ಮುಂಚೆ ದೇವಿಯ ಕೈಗೆ ಆಯುಧಗಳು ಬಂದವು. ಶಿವನು ತ್ರಿಶೂಲವನ್ನು ಕೊಟ್ಟನು, ವಿಷ್ಣುವು ಚಕ್ರವನ್ನು ಕೊಟ್ಟನು. ವರುಣನಿಂದ ಶಂಖ, ಅಗ್ನಿಯಿಂದ ಶಕ್ತ್ಯಾಯುಧ, ವಾಯುವಿನಿಂದ ಬಿಲ್ಲು ಬತ್ತಳಿಕೆ, ಇಂದ್ರನಿಂದ ವಜ್ರ ಬಂದವು. ಹಿಮವಂತನು ಏರಲು ಸಿಂಹವನ್ನು ಒಪ್ಪಿಸಿದನು. ಜಗನ್ಮಾತೆಯ ಕೈಯಲ್ಲಿದ್ದ ಆಯುಧಗಳೆಲ್ಲವೂ ಒಬ್ಬೊಬ್ಬರು ನಂಬಿ ಕೊಟ್ಟವು. ಯುದ್ಧ ಮುಗಿದ ಮೇಲೆ ದೇವತೆಗಳು ಸ್ತುತಿಸಿದರು. ನೆನೆದಾಗ ಬರುವೆನೆಂದು ಅಭಯವಿತ್ತು ದೇವಿ ಅಂತರ್ಧಾನಳಾದಳು. ಮೂರು ಲೋಕವನ್ನು ಗೆದ್ದು ಕೊಟ್ಟವಳು ಸ್ವರ್ಗದ ಸಿಂಹಾಸನದ ಮೇಲೆ ಒಂದು ಕ್ಷಣವೂ ಕುಳಿತುಕೊಳ್ಳಲಿಲ್ಲ.

ಶಕ್ತಿ ಬರುವುದು ಪರರ ನಂಬಿಕೆಯಿಂದ, ಇರಬೇಕಾದುದು ಕಾರ್ಯ ಮುಗಿಯುವವರೆಗೆ. ದಸರೆಯ ಕಥೆಯ ಹೃದಯವೇ ಇದು. ಇದನ್ನು ಮರೆತವನ ಗತಿ ಏನಾಗುವುದೆಂಬುದನ್ನು ತಿಳಿಯಬೇಕಾದರೆ ಅದೇ ಸ್ವರ್ಗದ ಸಿಂಹಾಸನದ ಮೇಲೆ ಕುಳಿತ ಒಬ್ಬ ಮಾನವನ ಕಥೆಯನ್ನು ಕೇಳಬೇಕು. ಅವನೇ ನಹುಷ ಚಕ್ರವರ್ತಿ.

ಮಹಾಭಾರತದ ಉದ್ಯೋಗಪರ್ವದಲ್ಲಿ ಶಲ್ಯನು ಧರ್ಮರಾಯನಿಗೆ ಈ ಕಥೆಯನ್ನು ಹೇಳುತ್ತಾನೆ. ವೃತ್ರನನ್ನು ಕೊಂದ ಪಾಪದ ಭೀತಿಯಿಂದ ಇಂದ್ರನು ಲೋಕದಿಂದ ಮರೆಯಾಗಿ ತಾವರೆಯ ದಂಟಿನೊಳಗೆ ಅಡಗಿದನು. ಒಡೆಯನಿಲ್ಲದ ಲೋಕದಲ್ಲಿ ಮಳೆ ನಿಂತಿತು, ಕಾಡು ಒಣಗಿತು, ನದಿಗಳು ಬತ್ತಿದವು. ದೇವತೆಗಳೂ ಋಷಿಗಳೂ ಕೂಡಿ ಆಲೋಚಿಸಿ ಭೂಮಿಯ ಧರ್ಮಿಷ್ಠ ರಾಜನಾದ ನಹುಷನ ಬಳಿಗೆ ಬಂದರು. ಅವನು ಚಂದ್ರವಂಶದವನು, ಪುರೂರವನ ಮೊಮ್ಮಗ, ಯಯಾತಿಯ ತಂದೆ. ದೇವೇಂದ್ರ ಪದವಿ ತಾನಾಗಿ ಬಾಗಿಲಿಗೆ ಬಂದಾಗ ಅವನು ಮೊದಲು ನುಡಿದ ಮಾತು, ತಾನು ದುರ್ಬಲನು, ದೇವತೆಗಳನ್ನು ಕಾಯುವ ಶಕ್ತಿ ತನಗಿಲ್ಲ ಎಂದು. ಋಷಿಗಳು ತಮ್ಮ ತಪಸ್ಸಿನ ಅಂಶವನ್ನು ಅವನಿಗೆ ಧಾರೆಯೆರೆದರು. ಅವನ ದೃಷ್ಟಿಗೆ ಬಿದ್ದವರ ತೇಜಸ್ಸು ಅವನಿಗೆ ಸೇರಲಿ ಎಂದು ವರವನ್ನೂ ಕೊಟ್ಟರು.

ಕನ್ನಡದ ಜನರ ಬಾಯಲ್ಲಿ ಒಂದು ಗಾದೆಯುಂಟು: ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಗಾದೆ ಸತ್ಯವಾದುದೇ; ಆದರೆ ಅದನ್ನು ಕೇಳಿದವರೆಲ್ಲರೂ ತಾವು ಅಲ್ಪರಲ್ಲವೆಂದು ಸಮಾಧಾನಪಟ್ಟುಕೊಳ್ಳುತ್ತಾರೆ. ವ್ಯಾಸ ಮಹರ್ಷಿಗಳು ಆ ಸಮಾಧಾನಕ್ಕೆ ಎಡೆಗೊಡುವುದಿಲ್ಲ. ನಹುಷನು ಅಲ್ಪನಲ್ಲ. ಅವನು ಯಜ್ಞಗಳನ್ನು ಮಾಡಿದವನು, ಪ್ರಜೆಗಳನ್ನು ಸಾಕಿದವನು, ಪದವಿಯನ್ನು ಬೇಡದವನು, ವಿನಯದಿಂದ ಹಿಂಜರಿದವನು. ಒಳ್ಳೆಯವನೆಂಬ ಕಾರಣಕ್ಕಾಗಿಯೇ ಆರಿಸಲ್ಪಟ್ಟವನು. ಕೆಟ್ಟವನ ಕೈಗೆ ಅಧಿಕಾರ ಸಿಕ್ಕರೆ ಅನಾಹುತವಾಗುವುದೆಂಬುದು ಎಲ್ಲರಿಗೂ ಗೊತ್ತು. ಒಳ್ಳೆಯವನಿಗೆ ಅಧಿಕಾರ ಸಿಕ್ಕ ಮೇಲೆ ಏನಾಗಬಹುದು ಎಂಬುದೇ ಈ ಕಥೆಯ ಭಯಂಕರವಾದ ಪ್ರಶ್ನೆ.

ನಹುಷನ ಅಪಾಯದ ಬೀಜ ಅವನಿಗೆ ದೊರೆತ ವರದಲ್ಲೇ ಇತ್ತು. ಎದುರಿಗೆ ಬಂದವರ ತೇಜಸ್ಸು ಹರಿದು ಅವನನ್ನು ಸೇರುತ್ತಿತ್ತು. ಎಂದರೆ, ಅವನ ಮುಂದೆ ನಿಂತು ತಪ್ಪನ್ನು ತಪ್ಪೆಂದು ಹೇಳಬಲ್ಲವನು ಆ ಮಾತನ್ನು ಆಡುವ ಮುನ್ನವೇ ಸೊರಗುತ್ತಿದ್ದನು. ಮೇಲಧಿಕಾರಿಯ ಕೋಣೆಗೆ ಹೋಗುವಾಗ ಹೊರಗೆ ನಿಶ್ಚಯಮಾಡಿಕೊಂಡ ಮಾತು ಒಳಗೆ ಕಾಲಿಟ್ಟೊಡನೆ ಗಂಟಲಲ್ಲೇ ಉಳಿಯುವ ಅನುಭವವುಳ್ಳ ಗುಮಾಸ್ತನಿಗೆ ಈ ವರದ ಅರ್ಥವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಧಿಕಾರದಲ್ಲಿರುವವನು ಆ ಮೌನವನ್ನು ಒಪ್ಪಿಗೆಯೆಂದು ಭ್ರಮಿಸುತ್ತಾನೆ. ತನ್ನ ಮಾತಿಗೆ ಎಲ್ಲರೂ ತಲೆದೂಗುವುದು ತನ್ನ ಬುದ್ಧಿಯ ಹಿರಿಮೆಯಿಂದ ಎಂದು ತಿಳಿಯುತ್ತಾನೆ. ಅವನಿಗೆ ತಿಳಿಯದಿರುವುದು ಒಂದೇ: ಅದು ಅವನ ತೇಜಸ್ಸಲ್ಲ, ಎದುರಿನವರಿಂದ ಹೀರಿಕೊಂಡದ್ದು.

ನಂದನವನದ ಭೋಗದಲ್ಲಿ ಮುಳುಗಿದ ನಹುಷನ ಕಣ್ಣು ಒಂದು ದಿನ ಶಚೀದೇವಿಯ ಮೇಲೆ ಬಿತ್ತು. ತಾನು ಇಂದ್ರನಾದ ಮೇಲೆ ಇಂದ್ರಾಣಿ ತನ್ನನ್ನೇಕೆ ಸೇವಿಸುವುದಿಲ್ಲ ಎಂದು ಅವನು ಕೇಳಿದನು. ಈ ಪ್ರಶ್ನೆಯಲ್ಲಿ ಪತನದ ಮೊದಲ ಮೆಟ್ಟಿಲು ಕಾಣುತ್ತದೆ. ಪದವಿಯೊಂದಿಗೆ ಬಂದ ಹೊಣೆಯನ್ನು ಅವನು ಮರೆತನು. ಪದವಿಗೆ ಹತ್ತಿರವಿದ್ದುದೆಲ್ಲವೂ ತನ್ನ ಸ್ವತ್ತೆಂದು ಬಗೆದನು. ದೇವತೆಗಳು ತಿಳಿಹೇಳಲು ಬಂದಾಗ ಅವನು ಕೊಟ್ಟ ಉತ್ತರವು ಎರಡನೆಯ ಮೆಟ್ಟಿಲು. ಹಿಂದೆ ಇಂದ್ರನು ಅಹಲ್ಯೆಯ ವಿಷಯದಲ್ಲಿ ಅಧರ್ಮವನ್ನಾಚರಿಸಿದಾಗ ಅವನನ್ನು ನೀವೇಕೆ ತಡೆಯಲಿಲ್ಲ ಎಂದು ಅವನು ಮರುಪ್ರಶ್ನೆ ಹಾಕಿದನು. ಆ ಪ್ರಶ್ನೆಯಲ್ಲಿ ಸತ್ಯವಿಲ್ಲವೆಂದಲ್ಲ; ಅಂದು ಸುಮ್ಮನಿದ್ದವರ ತಪ್ಪು ತಪ್ಪೇ. ಆದರೆ ಹಿಂದಿನವನ ಪಾಪವು ಇಂದಿನವನಿಗೆ ಪರವಾನಗಿಯಾಗಲಾರದು. ಹಿಂದೆ ಇದ್ದವರು ಮಾಡಿದ್ದನ್ನೇ ತಾನೂ ಮಾಡುತ್ತಿರುವೆನೆಂಬ ವಾದ ಸ್ವರ್ಗದಲ್ಲಿ ಮೊದಲು ಹುಟ್ಟಿ, ಭೂಮಿಯ ಕಚೇರಿ ಕಚೇರಿಗಳಿಗೆ ಇಳಿದು ಬಂದಿದೆ.

ಆ ಸಭೆಯಲ್ಲಿ ಎಲ್ಲರೂ ತೇಜೋಹೀನರಾಗಲಿಲ್ಲ ಎಂಬುದು ಗಮನಾರ್ಹ. ಶಚಿಯು ಬೃಹಸ್ಪತಿಯ ಮನೆಯಲ್ಲಿ ಆಶ್ರಯ ಪಡೆದಿದ್ದಳು. ಅವಳನ್ನು ಒಪ್ಪಿಸಿ ನಹುಷನ ಕೋಪವನ್ನು ಶಾಂತಗೊಳಿಸಬೇಕೆಂದು ದೇವತೆಗಳೇ ಗುರುವನ್ನು ಕೇಳಿಕೊಂಡರು. ಶರಣು ಬಂದವಳನ್ನು ಬಿಟ್ಟುಕೊಡುವುದಿಲ್ಲವೆಂದು ಗುರುವು ಖಂಡಿತವಾಗಿ ನುಡಿದನು. ಅಧಿಕಾರದ ಮದಕ್ಕೆ ಎದುರಾಗಿ ನಿಲ್ಲುವ ಧರ್ಮವು ಇಷ್ಟೇ ಸರಳವಾದದ್ದು: ತನ್ನ ಬಾಗಿಲಿಗೆ ಬಂದ ಅಸಹಾಯಕರನ್ನು ಬಲಿಷ್ಠನ ಮೆಚ್ಚುಗೆಗಾಗಿ ಒಪ್ಪಿಸದಿರುವುದು.

ಮುಂದಿನ ಕಥೆ ಹರಿಕಥೆಗಳ ಮೂಲಕ ಕನ್ನಡಿಗರಿಗೆ ಸುಪರಿಚಿತ. ಕಾಲಾವಕಾಶ ಬೇಡಿದ ಶಚಿಯು, ಋಷಿಗಳು ಹೊರುವ ವಾಹನದಲ್ಲಿ ಬರಬೇಕೆಂದು ನಹುಷನಿಗೆ ಹೇಳಿಕಳುಹಿಸಿದಳು. ಅಂತಹ ಅಪೂರ್ವ ವಾಹನದ ಕಲ್ಪನೆಗೇ ಅವನು ಹಿಗ್ಗಿದನು. ತನ್ನನ್ನು ಆ ಪದವಿಗೆ ಎತ್ತಿದ ಋಷಿಗಳ ಹೆಗಲ ಮೇಲೆಯೇ ಪಲ್ಲಕ್ಕಿಯನ್ನು ಹೊರಿಸಿದನು. ಬೇಗ ನಡೆಯಿರೆಂಬ ಅರ್ಥದಲ್ಲಿ 'ಸರ್ಪ, ಸರ್ಪ' ಎಂದು ಗದರಿಸಿ ಅಗಸ್ತ್ಯ ಮಹರ್ಷಿಯ ತಲೆಯನ್ನು ಕಾಲಿನಿಂದ ಒದೆದನು. ಸರ್ಪವೇ ಆಗಿ ಬೀಳೆಂದು ಅಗಸ್ತ್ಯರು ಶಪಿಸಿದರು. ಹತ್ತು ಸಾವಿರ ವರ್ಷಗಳ ಶಾಪವನ್ನು ಹೊತ್ತು ನಹುಷನು ಸ್ವರ್ಗದಿಂದ ನೆಲಕ್ಕುರುಳಿದನು.

ಪಲ್ಲಕ್ಕಿಯಲ್ಲಿ ಕುಳಿತವನಿಗೆ ಮುಂದಿನ ದಾರಿ ಕಾಣುತ್ತದೆ, ಇಕ್ಕೆಲದಲ್ಲಿ ಕೈಮುಗಿದವರು ಕಾಣುತ್ತಾರೆ. ಹೊತ್ತವರ ಮುಖ ಮಾತ್ರ ಕಾಣುವುದಿಲ್ಲ. ಅಧಿಕಾರದ ಪರಮ ಅಪಾಯ ಇದೇ. ತನ್ನನ್ನು ಎತ್ತಿ ಹಿಡಿದ ಹೆಗಲುಗಳು ಕಣ್ಣಿಗೆ ಮರೆಯಾದಾಗ, ಎತ್ತರವು ತನ್ನ ಸ್ವಂತದ್ದೆಂದು ತೋರುತ್ತದೆ. ಹೆಗಲುಗಳ ನೋವು ಕೇವಲ ನಡಿಗೆಯ ನಿಧಾನವಾಗಿ ಕಾಣುತ್ತದೆ.

ಇಷ್ಟಕ್ಕೇ ಕಥೆ ಮುಗಿದಿದ್ದರೆ ಅದು ಕೇವಲ ದಂಡನೆಯ ಕಥೆಯಾಗುತ್ತಿತ್ತು. ವನಪರ್ವದಲ್ಲಿ ಅದರ ಬಿಡುಗಡೆಯ ಭಾಗವಿದೆ. ವನವಾಸದ ಕಾಲದಲ್ಲಿ ಬೇಟೆಗೆ ಹೋದ ಭೀಮಸೇನನನ್ನು ಗುಹೆಯ ಬಳಿ ಒಂದು ಮಹಾ ಅಜಗರವು ಸುತ್ತಿಕೊಂಡಿತು. ಅದರ ಹಿಡಿತಕ್ಕೆ ಸಿಕ್ಕ ಭೀಮನ ಬಾಹುಬಲವೆಲ್ಲ ಉಡುಗಿಹೋಯಿತು. ತಮ್ಮನನ್ನು ಹುಡುಕುತ್ತ ಬಂದ ಧರ್ಮರಾಯನು ಆ ಹಾವನ್ನು ಮಾತನಾಡಿಸಿದಾಗ, ತಾನು ಅವನ ಪೂರ್ವಜನಾದ ನಹುಷನೆಂದು ಅದು ಹೇಳಿತು. ತನ್ನ ಪ್ರಶ್ನೆಗಳಿಗೆ ಉತ್ತರ ಕೊಟ್ಟರೆ ಭೀಮನನ್ನು ಬಿಡುವೆನೆಂದಿತು. ಬ್ರಾಹ್ಮಣನೆಂದರೆ ಯಾರು ಎಂಬುದು ಅದರ ಪ್ರಶ್ನೆ. ಸತ್ಯ, ದಾನ, ಕ್ಷಮೆ, ಶೀಲ, ಕ್ರೌರ್ಯವಿಲ್ಲದಿರುವುದು, ತಪಸ್ಸು, ದಯೆ ಇವು ಯಾರಲ್ಲಿ ಕಾಣುವುವೋ ಅವನೇ ಬ್ರಾಹ್ಮಣ. ಹುಟ್ಟು ಅದನ್ನು ನಿರ್ಣಯಿಸದು ಎಂದು ಧರ್ಮರಾಯನು ಉತ್ತರಿಸಿದನು.

ಈಗ ಧರ್ಮರಾಯನು ಕೇಳಿದ ಮರುಪ್ರಶ್ನೆ ಮನನೀಯ. ಇಷ್ಟು ಬಲ್ಲವನಾದ ನಿನ್ನನ್ನು ಮೋಹವು ಹೇಗೆ ಕವಿಯಿತು ಎಂದು ಅವನು ಕೇಳಿದನು. ಎಂತಹ ಪ್ರಾಜ್ಞನಾಗಲಿ, ಎಂತಹ ಶೂರನಾಗಲಿ, ಸಂಪತ್ತು ಅವನನ್ನು ಮರುಳುಮಾಡುತ್ತದೆ, ತಾನೂ ಆ ಐಶ್ವರ್ಯದ ಮದದಿಂದಲೇ ಕೆಟ್ಟೆನೆಂದು ಹಾವು ಒಪ್ಪಿಕೊಂಡಿತು. ಸಿಂಹಾಸನದಲ್ಲಿದ್ದಾಗ ಅಪ್ಪಣೆಗಳನ್ನಷ್ಟೇ ಕೊಟ್ಟವನು ನೆಲದ ಮೇಲೆ ಹರಿದಾಡುವಾಗ ಪ್ರಶ್ನೆ ಕೇಳುವುದನ್ನು ಕಲಿತನು. ಪ್ರಶ್ನೆ ಕೇಳಿ ಉತ್ತರಕ್ಕಾಗಿ ಕಾದುದೇ ಅವನ ಶಾಪವಿಮೋಚನೆಯ ದಾರಿಯಾಯಿತು. ಅವನು ಹಾವಿನ ದೇಹವನ್ನು ಬಿಟ್ಟು ಮತ್ತೆ ಸ್ವರ್ಗಕ್ಕೆ ಹೋದನು.

ಕನ್ನಡ ನಾಡಿನಲ್ಲಿಯೂ ಇದೇ ತತ್ತ್ವವನ್ನು ಸಾರುವ ಒಂದು ಐತಿಹ್ಯವಿದೆ. ಗಂಗರ ದೊರೆ ರಾಚಮಲ್ಲನ ಮಂತ್ರಿಯೂ ಸೇನಾಪತಿಯೂ ಆಗಿದ್ದ ಚಾವುಂಡರಾಯನು ಕ್ರಿ.ಶ. 981ರ ಸುಮಾರಿಗೆ ಶ್ರವಣಬೆಳಗೊಳದ ವಿಂಧ್ಯಗಿರಿಯ ಮೇಲೆ 58 ಅಡಿ ಎತ್ತರದ ಗೊಮ್ಮಟಮೂರ್ತಿಯನ್ನು ಮಾಡಿಸಿದನು. ಪ್ರಥಮಾಭಿಷೇಕದಂದು ಅವನು ತರಿಸಿದ ಹಾಲಿನ ಕೊಡಗಳೆಷ್ಟನ್ನು ಸುರಿದರೂ ಹಾಲು ಮೂರ್ತಿಯ ಪಾದದವರೆಗೆ ಇಳಿಯಲಿಲ್ಲವಂತೆ. ಬಡ ಮುದುಕಿಯೊಬ್ಬಳು ಒಂದು ಗುಳ್ಳದ ಕಾಯಿಯ ಸಿಪ್ಪೆಯಲ್ಲಿ ತಂದ ಹಾಲನ್ನು ಎರೆದಾಗ ಅದು ಪಾದವನ್ನು ತೋಯಿಸಿ ಬೆಟ್ಟದ ಕೆಳಗೂ ಹರಿಯಿತಂತೆ. ಸೇನೆ, ಬೊಕ್ಕಸ, ರಾಜಮುದ್ರೆ ಎಲ್ಲವೂ ಇದ್ದವನು ಅಂದು ತಲೆಬಾಗಿದನು. ಇಂದಿಗೂ ಗೊಮ್ಮಟನಿಗೆ ಅಭಿಮುಖವಾಗಿ ಗುಳ್ಳಕಾಯಜ್ಜಿಯ ಶಿಲ್ಪವಿದೆ. ತನ್ನ ಸೋಲನ್ನು ನೆನಪಿಸುವವಳಿಗೆ ಎದುರಿನಲ್ಲೇ ಸ್ಥಾನವಿರಬೇಕು ಎಂಬುದು ಆ ಐತಿಹ್ಯದ ವಿವೇಕ. ನಹುಷನಲ್ಲಿ ಇಲ್ಲದಿದ್ದುದು ಇದೇ.

ಮೈಸೂರಿನ ದಸರೆಯೂ ಕಾಲಕ್ರಮದಲ್ಲಿ ಈ ಪಾಠವನ್ನೇ ತನ್ನ ಮೈಮೇಲೆ ಬರೆದುಕೊಂಡಿದೆ. 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ರಾಜ ಒಡೆಯರ್ ಆರಂಭಿಸಿದ ಪರಂಪರೆಯಲ್ಲಿ ವಿಜಯದಶಮಿಯ ಮೆರವಣಿಗೆಗೆ ರಾಜರೇ ಕೇಂದ್ರವಾಗಿದ್ದರು. ಸುಮಾರು 750 ಕಿಲೋ ತೂಕದ ಚಿನ್ನದ ಅಂಬಾರಿಯಲ್ಲಿ ಮಹಾರಾಜರು ಕುಳಿತು ಬರುತ್ತಿದ್ದ ನೋಟವನ್ನು ಕಂಡ ಹಿರಿಯರು ಅದನ್ನು ಮರೆಯಲಾರರು. 1971ರಲ್ಲಿ ಸಂವಿಧಾನದ 26ನೆಯ ತಿದ್ದುಪಡಿಯಿಂದ ರಾಜಮಾನ್ಯತೆಯೂ ರಾಜಧನವೂ ರದ್ದಾದವು. ಅನಂತರದ ದಸರೆಗಳಲ್ಲಿ ಅದೇ ಅಂಬಾರಿಯಲ್ಲಿ ತಾಯಿ ಚಾಮುಂಡೇಶ್ವರಿಯ ವಿಗ್ರಹವು ಬಿಜಯಂಗೈಯುತ್ತಿದೆ. ಆಸನ ಅದೇ, ಆನೆಯ ನಡಿಗೆ ಅದೇ. ಕುಳಿತವರು ಬದಲಾಗುತ್ತಾರೆ, ಆಸನವು ನಿಜವಾಗಿ ಯಾರದೋ ಅವರೇ ಕೊನೆಗೆ ಅದರಲ್ಲಿ ಕುಳಿತುಕೊಳ್ಳುತ್ತಾರೆ.

ಸಿಂಹಾಸನ, ಪಲ್ಲಕ್ಕಿ, ಅಂಬಾರಿಗಳ ಮಾತು ಮಹಾನಗರದ ಗೃಹಸ್ಥನಿಗೆ ದೂರದ್ದೆಂದು ತೋರಬಹುದು. ಆದರೆ ಊರು ಬಿಟ್ಟು ಒಂದು ಟ್ರಂಕು, ಒಂದು ಹಾಸಿಗೆಯ ಸುರುಳಿಯೊಡನೆ ಮುಂಬಯಿಗೋ ದೆಹಲಿಗೋ ಮದರಾಸಿಗೋ ಬಂದಿಳಿದ ಕನ್ನಡಿಗನ ಜೀವನವನ್ನು ನೆನೆಯಬೇಕು. ಪರಿಚಯವಿಲ್ಲದ ಭಾಷೆಯಲ್ಲಿ, ಒಂದು ಸಹಿಗಾಗಿ, ಒಂದು ಕೋಣೆಗಾಗಿ, ಒಂದು ರೇಷನ್ ಕಾರ್ಡಿಗಾಗಿ ಅವನು ಕಾದು ನಿಂತ ಸಾಲುಗಳೆಷ್ಟು! ಯಾರೋ ಒಬ್ಬ ಹಿರಿಯರು ಊಟಕ್ಕೆ ಕರೆದರು, ಯಾರೋ ಒಬ್ಬರು ಅರ್ಜಿ ಬರೆದುಕೊಟ್ಟರು. ಆ ಹೆಗಲುಗಳ ಮೇಲೆಯೇ ಅವನು ಮೇಲೆ ಬಂದನು. ವರ್ಷಗಳು ಉರುಳಿ ಇಂದು ಅವನು ಮೇಜಿನ ಈಚೆಗಿದ್ದಾನೆ. ಸಹಿ ಹಾಕುವ ಲೇಖನಿ ಈಗ ಅವನದು. ಎದುರಿಗೆ ನಿಂತಿರುವುದು ಗಂಡನ ಪಿಂಚಣಿಯ ಕಾಗದವನ್ನು ಹಿಡಿದ ವಿಧವೆಯಾಗಿರಬಹುದು, ಬಿಹಾರದಿಂದಲೋ ರಾಯಚೂರಿನಿಂದಲೋ ಕೆಲಸ ಹುಡುಕಿ ಬಂದ ಹುಡುಗನಾಗಿರಬಹುದು. 'ನಾಳೆ ಬಾ' ಎಂಬ ಎರಡು ಪದಗಳಿಗೆ ಅವನಿಗೆ ತಗಲುವ ವೆಚ್ಚ ಏನೂ ಇಲ್ಲ. ಎದುರಿನವರಿಗೆ ಅದು ಒಂದು ದಿನದ ಕೂಲಿ. 'ಸರ್ಪ, ಸರ್ಪ' ಎಂಬ ಮಾತು ಇಂದು ಹೀಗೆ ಕೇಳಿಸುತ್ತದೆ.

ಮನೆಯೊಳಗೂ ಇದು ಸತ್ಯ. ಸೊಸೆಯ ಮೇಲೆ ಅತ್ತೆಗೆ, ವೃದ್ಧ ತಂದೆಯ ಮೇಲೆ ಗಳಿಸುವ ಮಗನಿಗೆ, ಪಾತ್ರೆ ತೊಳೆಯುವವಳ ಮೇಲೆ ಮನೆಯೊಡತಿಗೆ ಇರುವುದೂ ಅಧಿಕಾರವೇ. ಸಂಘಸಂಸ್ಥೆಗಳ ಅಧ್ಯಕ್ಷಪೀಠವೂ ಅಷ್ಟೇ. ಕುರ್ಚಿ ಜೋಡಿಸಿದವರು, ಚಂದಾ ಎತ್ತಿದವರು, ಕಾರ್ಯಕ್ರಮ ಮುಗಿದ ಮೇಲೆ ಕಸ ಗುಡಿಸಿದವರು ವೇದಿಕೆಯ ಮೇಲಿಂದ ಕಾಣುವುದಿಲ್ಲ. ರಾಜ್ಯ ದೊಡ್ಡದಾಗಿರಬೇಕೆಂಬ ನಿಯಮವಿಲ್ಲ. ನಹುಷನಾಗಲು ಒಂದು ಕುರ್ಚಿಯ ಎತ್ತರ ಸಾಕು.

ಇದಕ್ಕೆ ಔಷಧವನ್ನು ಹಿರಿಯರು ಹಬ್ಬದೊಳಗೇ ಇರಿಸಿದ್ದಾರೆ. ಆಯುಧಪೂಜೆಯ ದಿನ ಬಡಗಿಯ ಉಳಿ, ಅಕ್ಕಸಾಲಿಯ ತಕ್ಕಡಿ, ಚಾಲಕನ ವಾಹನ, ಕರಣಿಕನ ಲೇಖನಿ ಎಲ್ಲವೂ ಕೈಬಿಟ್ಟು ದೇವಿಯ ಮುಂದೆ ಕೂರುತ್ತವೆ. ಅಂದು ಅವುಗಳಿಂದ ಕೆಲಸ ತೆಗೆಯುವಂತಿಲ್ಲ. ಕೊಟ್ಟವಳಿಗೆ ಹಿಂದಿರುಗಿಸಿ, ಮರುದಿನ ಅವಳ ಪ್ರಸಾದವಾಗಿ ಮತ್ತೆ ಕೈಗೆತ್ತಿಕೊಳ್ಳಬೇಕು. ಪಾಂಡವರು ಬನ್ನಿಯ ಮರದ ಮೇಲೆ ಆಯುಧಗಳನ್ನು ಇರಿಸಿ ಒಂದು ವರ್ಷ ಬರಿಗೈಯಲ್ಲಿ ಬಾಳಿದರು. ರಾಜಸೂಯ ಮಾಡಿದ ಧರ್ಮರಾಯನು ವಿರಾಟನ ಸಭೆಯಲ್ಲಿ ಕಂಕನಾಗಿ ಪರರ ಮಾತನ್ನು ಕೇಳಿ ನಡೆದನು. ಕೆಳಗಿಡಲು ಬಲ್ಲವನ ಕೈಯಲ್ಲಿ ಮಾತ್ರ ಆಯುಧವು ಆಯುಧ. ಇಡಲಾರದವನ ಪಾಲಿಗೆ ಅದು ಅಜಗರದ ಹಿಡಿತ.

ಆದುದರಿಂದ ಲೇಖನಿಗೆ ಕುಂಕುಮವಿಡುವ ಗೃಹಸ್ಥನು ಅದರ ಮುಂದೆ ಒಂದು ಗಳಿಗೆ ಕುಳಿತು, ಕಳೆದ ವರ್ಷ ಅದು ಯಾರ ಕಣ್ಣೀರನ್ನು ಒರೆಸಿತು, ಯಾರನ್ನು ಕಾಯಿಸಿತು ಎಂದು ತನ್ನನ್ನೇ ಕೇಳಿಕೊಳ್ಳಲಿ. ತನ್ನೆದುರು ಭಯವಿಲ್ಲದೆ ಮಾತನಾಡುವವರು ಒಬ್ಬರಾದರೂ ಉಳಿದಿದ್ದಾರೆಯೇ ಎಂದು ನೋಡಿಕೊಳ್ಳಲಿ. ಉಳಿದಿದ್ದರೆ, ವಿಜಯದಶಮಿಯ ಸಂಜೆ ಬನ್ನಿಯ ಎಲೆಯನ್ನು ಮೊದಲು ಅವರ ಕೈಗೆ ಕೊಡಲಿ. ಉಳಿದಿಲ್ಲವಾದರೆ, ಪಲ್ಲಕ್ಕಿಯಿಂದ ಇಳಿದು ಹೊತ್ತವರ ಮುಖವನ್ನೊಮ್ಮೆ ನೋಡಲಿ. ಇಳಿಯುವುದಕ್ಕೆ ಇನ್ನೂ ಸಮಯವಿದೆ. ಕೊಟ್ಟ ಆಯುಧದಿಂದ ಕಾರ್ಯವೆಸಗಿ ನಿರ್ಲಿಪ್ತಳಾಗಿ ಮರೆಯಾದ ತಾಯಿ ಚಾಮುಂಡೇಶ್ವರಿಯು ಎಲ್ಲರಿಗೂ ಆ ವಿವೇಕವನ್ನು ಕರುಣಿಸಲಿ.