ಬಿಟ್ಟುಬಿಟ್ಟ ಪಾಠ ಮತ್ತು ಅಮಾನತ್

ಪ್ರೌಢಶಾಲೆಯ ಜೀವಶಾಸ್ತ್ರದಲ್ಲಿ ಜೀವವಿಕಾಸದ ಪಾಠದಷ್ಟು ಅನಾದರಕ್ಕೆ ಒಳಗಾದ ಪಾಠ ಇನ್ನೊಂದಿರಲಾರದು. ಕೆಲವರು ಅದನ್ನು ವರ್ಷದ ಕೊನೆಗೆ ತಳ್ಳಿ, ಮನೆಯಲ್ಲಿ ಓದಿಕೊಳ್ಳಿ ಎಂದು ಕೈತೊಳೆದುಕೊಳ್ಳುತ್ತಾರೆ. ಕೆಲವರು ನಾಲ್ಕು ಪ್ರಶ್ನೋತ್ತರ ಬರೆಸಿ ಮುಗಿಸುತ್ತಾರೆ. ಉಪಾಧ್ಯಾಯ ಗೆಳೆಯರೊಬ್ಬರು ನಮಗೆ ಹೇಳಿದ ಸಂಗತಿ ಇದು. ಅವರ ತರಗತಿಯಲ್ಲಿ ಮುಸ್ಲಿಂ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಇದನ್ನ ಪರೀಕ್ಷೇಲಿ ಬರೆದ್ರೆ ಗುನಾ ಆಗುತ್ತಾ?" ಎಂದು ಕೇಳಿದಳಂತೆ. ಗುನಾ ಎಂದರೆ ಪಾಪ. ಗೆಳೆಯರು ಅವಳನ್ನು ಸಮಾಧಾನಪಡಿಸಲು, "ಬರೆಯೋದು ಬರಿಯಮ್ಮ, ನಂಬೋದೇನೂ ಬೇಡ" ಎಂದರಂತೆ. ಮುಂದಿನ ಬೆಂಚಿನ ಹಿಂದೂ ಹುಡುಗನೂ ಆ ಮಾತಿಗೆ ನಿರಾಳವಾಗಿ ತಲೆಯಾಡಿಸಿದನಂತೆ.

ಮೇಲ್ನೋಟಕ್ಕೆ ಇದು ಜಾಣ ಉತ್ತರ. ಹುಡುಗಿಗೆ ಅಂಕ ಸಿಗುತ್ತದೆ, ಮನೆಯವರಿಗೆ ಸಿಟ್ಟು ಬರುವುದಿಲ್ಲ, ಮೇಷ್ಟ್ರಿಗೆ ತಂಟೆಯಿಲ್ಲ. ಆದರೆ ನಾವು ಕೇಳಬೇಕಾದ ಪ್ರಶ್ನೆಯೊಂದಿದೆ. ಹದಿನೈದು ವರ್ಷದ ಮಗುವಿಗೆ 'ಕೈ ಬರೆದದ್ದನ್ನು ಮನಸ್ಸು ಒಪ್ಪಬೇಕಾಗಿಲ್ಲ' ಎಂದು ಕಲಿಸುವುದು ಯಾವ ನೀತಿ? ವಿಜ್ಞಾನ ಮತ್ತು ಧರ್ಮ ಎರಡೂ ಸತ್ಯದ ಮಾತಾಡುತ್ತವೆ. ಈ ಉತ್ತರದಲ್ಲಿ ಎರಡಕ್ಕೂ ಜಾಗವಿಲ್ಲ. ಇಲ್ಲಿರುವುದು ಎರಡು ನಾಲಗೆಯ ಮೊದಲ ಪಾಠ ಮಾತ್ರ.

ಇದನ್ನು ಬಿಡಿಸಿಕೊಳ್ಳಲು ಗ್ರಂಥಗಳತ್ತ ಹೋಗುವ ಮೊದಲು ತೋಟಕ್ಕೆ ಹೋಗಿಬರುವುದು ಒಳ್ಳೆಯದು. ತುರುವೇಕೆರೆ ತಾಲೂಕಿನ ದಬ್ಬೇಘಟ್ಟದ ಕಡೆ ಎತ್ತ ನೋಡಿದರೂ ತೆಂಗು. ಕಾಯನ್ನು ತಿಂಗಳುಗಟ್ಟಲೆ ಅಟ್ಟದಲ್ಲಿ ಒಣಗಿಸಿ, ಸುಲಿದು, ಉಂಡೆ ಕೊಬ್ಬರಿ ಮಾಡಿ ತಿಪಟೂರು ಮಾರುಕಟ್ಟೆಗೆ ಒಯ್ಯುವ ಸೀಮೆ ಇದು. ಇಲ್ಲಿನ ಮಕ್ಕಳಿಗೆ ವರ್ಗೀಕರಣದ ಪಾಠಕ್ಕೆ ಬೇರೆ ಪ್ರಯೋಗಶಾಲೆ ಬೇಕಿಲ್ಲ. ತೆಂಗು, ಅಡಿಕೆ, ಈಚಲು, ತಾಳೆ, ಬೈನೆ ಇವೆಲ್ಲ ಒಂದೇ ಕುಟುಂಬದವು. ಕವಲೊಡೆಯದ ಕಾಂಡ, ತುದಿಯಲ್ಲೊಂದು ಸುಳಿ, ಸುತ್ತ ಗರಿ. ಪಕ್ಕದಲ್ಲೇ ನಿಂತ ಬಾಳೆ ಈ ಮನೆಯದಲ್ಲ. ಹಲಸು, ಹುಣಸೆ ತೆಂಗಿನಂತೆಯೇ ಮರಗಳು. ಆದರೂ ತೆಂಗಿಗೆ ಅವಕ್ಕಿಂತ ಹೊಲದ ರಾಗಿಯೇ ಹತ್ತಿರದ ನೆಂಟ, ಏಕೆಂದರೆ ಎರಡೂ ಏಕದಳ ಸಸ್ಯಗಳು. ಇದನ್ನು ಕೇಳಿದ ಮಗು ನಗುತ್ತದೆ. ಆಮೇಲೆ ಅದೇಕೆ ಹಾಗೆ ಎಂದು ಕೇಳುತ್ತದೆ. ಆ 'ಏಕೆ'ಯೇ ಜೀವವಿಕಾಸದ ಬಾಗಿಲು.

ತೆಂಗಿಗೆ ಇಂದಿನ ಶಾಸ್ತ್ರೀಯ ಹೆಸರನ್ನು ಕೊಟ್ಟವನು ಸ್ವೀಡನ್ನಿನ ಲಿನೇಯಸ್, 1753ರಲ್ಲಿ. ಅವನು ದೈವಭಕ್ತ. ದೇವರ ಸೃಷ್ಟಿಯಲ್ಲಿರುವ ಕ್ರಮವನ್ನು ಪಟ್ಟಿಮಾಡುತ್ತಿದ್ದೇನೆ ಎಂದೇ ಭಾವಿಸಿದ್ದ. ಪಟ್ಟಿ ಸಿಕ್ಕಿತು, ಗುಂಪಿನೊಳಗೆ ಗುಂಪು, ಅದರೊಳಗೆ ಇನ್ನೊಂದು ಗುಂಪು ಏಕಿದೆ ಎಂಬುದಕ್ಕೆ ಕಾರಣ ಸಿಗಲಿಲ್ಲ. 106 ವರ್ಷಗಳ ನಂತರ, 1859ರಲ್ಲಿ ಡಾರ್ವಿನ್ ಆ ಕಾರಣ ಕೊಟ್ಟ. ಅದು ವಂಶಾವಳಿ. ಹೋಲುವವು ಹೋಲುವುದು ಒಂದೇ ಬುಡದಿಂದ ಕವಲಾಗಿ ಬಂದದ್ದರಿಂದ.

ಡಾರ್ವಿನ್ ತನ್ನ ಪುಸ್ತಕವನ್ನು ಆರಂಭಿಸುವುದು ಮಂಗನಿಂದಲ್ಲ, ರೈತರಿಂದ ಮತ್ತು ಪಾರಿವಾಳ ಸಾಕುವವರಿಂದ. ನಮ್ಮ ತೆಂಗಿನ ರೈತ ಬಿತ್ತನೆ ಕಾಯಿಗೆ ಸಿಕ್ಕ ಸಿಕ್ಕ ಮರವನ್ನು ಹತ್ತಿಸುವುದಿಲ್ಲ. ವರ್ಷ ವರ್ಷವೂ ತಪ್ಪದೆ ಫಲ ಕೊಟ್ಟ, ಗೊನೆ ತುಂಬ ಕಾಯಿ ಹಿಡಿದ, ರೋಗ ಕಾಣದ ತಾಯಿ ಮರವನ್ನು ಗುರುತಿಟ್ಟುಕೊಳ್ಳುತ್ತಾನೆ. ತಲೆಮಾರುಗಳ ಆಯ್ಕೆಯಿಂದ ತಳಿಯೊಂದು ರೂಪುಗೊಳ್ಳುತ್ತದೆ. ತಿಪಟೂರು ಎತ್ತರದ ತಳಿ ಎಂದು ವಿಜ್ಞಾನಿಗಳು ಹೆಸರಿಟ್ಟಿರುವುದು ಈ ಸೀಮೆಯ ತೆಂಗಿಗೇ. ರೈತ ಮಾಡುವ ಆಯ್ಕೆಯನ್ನು ಬರಗಾಲ, ರೋಗ, ಹಸಿವು, ಶತ್ರುಗಳು ಲಕ್ಷಾಂತರ ವರ್ಷ ಮಾಡಿದರೆ ಏನಾದೀತು ಎಂದು ಡಾರ್ವಿನ್ ಕೇಳಿದ. ಈ ಪ್ರಶ್ನೆ ನಮ್ಮ ತೋಟದ ಮಗುವಿಗೆ ಅನ್ಯವಲ್ಲ.

ಪ್ರಭೇದ ಎಂದರೇನು ಎಂಬುದಕ್ಕೂ ಉದಾಹರಣೆ ಇಲ್ಲೇ ಇದೆ. ಎತ್ತರದ ತೆಂಗು ಫಲಕ್ಕೆ ಬರಲು ಆರೇಳು ವರ್ಷ ಬೇಕು, ಗಿಡ್ಡ ತಳಿಗೆ ಮೂರ್ನಾಲ್ಕು ಸಾಕು. ನೋಡಲು ಬೇರೆ ಬೇರೆ ಜಾತಿಯಂತಿವೆ. ಆದರೆ ಒಂದರ ಪರಾಗ ಇನ್ನೊಂದಕ್ಕೆ ಕೂಡುತ್ತದೆ. 1930ರ ದಶಕದಲ್ಲೇ, ಅಂದು ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದ ನೀಲೇಶ್ವರದ ಕೇಂದ್ರದಲ್ಲಿ ಇವೆರಡರ ಸಂಕರ ಸಸಿಗಳನ್ನು ಬೆಳೆಸಿದರು. ಆದ್ದರಿಂದ ಇವು ಒಂದೇ ಪ್ರಭೇದ. ಅಡಿಕೆ ಮತ್ತು ತೆಂಗು ನೂರಾರು ವರ್ಷ ಮಗ್ಗುಲಲ್ಲಿ ನಿಂತರೂ ಒಂದರ ಪರಾಗ ಇನ್ನೊಂದರಲ್ಲಿ ಕಾಯಿ ಕಟ್ಟದು. ಅವು ಬೇರೆ.

ಇನ್ನು ನುಸಿಯ ವಿಚಾರ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡು, ಬಳಿಕ ನಮ್ಮ ತೋಟಗಳಿಗೂ ಬಂದು ಎಳೆಗಾಯಿಗಳ ತೊಟ್ಟಿನಡಿ ಕೂತು ರಸ ಹೀರಿದ ಈ ಜೀವಿ ಬರಿಗಣ್ಣಿಗೆ ಕಾಣುವುದಿಲ್ಲ. ಮೆಕ್ಸಿಕೋದ ಗೆರೆರೊ ಪ್ರಾಂತ್ಯದ ಮಾದರಿಯಿಂದ 1965ರಲ್ಲಿ ಇದನ್ನು ವರ್ಣಿಸಿದ್ದರಿಂದ ಅದರ ಶಾಸ್ತ್ರೀಯ ಹೆಸರಿನಲ್ಲಿ ಆ ಪ್ರಾಂತ್ಯದ ಹೆಸರಿದೆ. ಕೀಟಕ್ಕೆ ಆರು ಕಾಲು, ಜೇಡದ ವರ್ಗಕ್ಕೆ ಎಂಟು ಎಂದು ಮಕ್ಕಳು ಬಾಯಿಪಾಠ ಮಾಡುತ್ತಾರೆ. ತೆಂಗಿನ ನುಸಿಗೆ ಇರುವುದು ನಾಲ್ಕೇ ಕಾಲು. ಆದರೂ ಅದು ಸೇರುವುದು ಜೇಡದ ವರ್ಗಕ್ಕೆ. ಏಕೆ? ವರ್ಗೀಕರಣ ಕಾಲೆಣಿಕೆಯಲ್ಲ, ವಂಶದ ವಿಚಾರಣೆ. ಈ ನುಸಿಯ ಪೂರ್ವಜರು ಎಂಟು ಕಾಲಿನವರು. ಇಕ್ಕಟ್ಟಿನಲ್ಲಿ ಬದುಕುವ ವಂಶದಲ್ಲಿ ನಾಲ್ಕು ಕಾಲು ಕಳೆದುಹೋಗಿವೆ. ವಿಕಾಸವನ್ನು ಬಿಟ್ಟು ವರ್ಗೀಕರಣವನ್ನು ಮಾತ್ರ ಕಲಿಸಿದರೆ ಮಗುವಿನ ಕೈಗೆ ಸಿಗುವುದು ಅರ್ಥವಿಲ್ಲದ ಹೆಸರುಗಳ ಪಟ್ಟಿ.

ನಾವು ಉರ್ದುವಿನಲ್ಲಿ ಇದನ್ನು 'ಇರ್ತಿಖಾ' ಎಂದು ಓದಿದೆವು, ಕನ್ನಡದಲ್ಲಿ 'ವಿಕಾಸ' ಎಂದು. ಒಂದಕ್ಕೆ ಮೇಲೇರುವುದು ಎಂಬ ಅರ್ಥ, ಇನ್ನೊಂದಕ್ಕೆ ಅರಳುವುದು. ಎರಡೂ ಚೆಂದದ ಮಾತುಗಳೇ, ಎರಡೂ ಸ್ವಲ್ಪ ದಾರಿ ತಪ್ಪಿಸುತ್ತವೆ. ಏಣಿಯ ಕೆಳಗಿನ ಮೆಟ್ಟಿಲಲ್ಲಿ ಮಂಗ, ಮೇಲಿನದರಲ್ಲಿ ಮನುಷ್ಯ ಎಂಬ ಚಿತ್ರ ಈ ಪದಗಳ ಜೊತೆಗೇ ತಲೆಗೆ ಬರುತ್ತದೆ. ಡಾರ್ವಿನ್ 1837ರಲ್ಲಿ ಟಿಪ್ಪಣಿ ಪುಸ್ತಕದಲ್ಲಿ ಗೀಚಿದ್ದು ಏಣಿಯನ್ನಲ್ಲ, ಕವಲೊಡೆಯುವ ಮರವನ್ನು. ಇಂದಿನ ಮಂಗ ಇಂದಿನ ಮನುಷ್ಯನ ಅಜ್ಜನಲ್ಲ. ಇಬ್ಬರೂ ಹಳೆಯ ಬುಡವೊಂದರ ಬೇರೆ ಬೇರೆ ಕೊಂಬೆಗಳು ಎನ್ನುತ್ತದೆ ವಿಜ್ಞಾನ. ವಿರೋಧಿಸುವವರು ಬಹುಪಾಲು ಡಾರ್ವಿನ್ ಹೇಳದ ಮಾತನ್ನೇ ವಿರೋಧಿಸುತ್ತಿರುತ್ತಾರೆ. ತೇಜಸ್ವಿಯವರ 'ಕರ್ವಾಲೊ' ಓದಿದ ಕನ್ನಡಿಗರಿಗೆ ಹಾರುವ ಓತಿಯ ಬೆನ್ನುಹತ್ತುವುದೆಂದರೆ ಕಾಲದ ಆಳಕ್ಕೆ ಇಣುಕುವುದು ಎಂಬ ಅನುಭವ 1980ರಿಂದಲೂ ಇದೆ. ಕಾದಂಬರಿ ಕೊಟ್ಟ ಬೆರಗನ್ನು ತರಗತಿ ಏಕೆ ಕೊಡಬಾರದು?

ಮುಸ್ಲಿಮರಾದ ನಮಗೆ ಈ ವಿಷಯ ಹೊರಗಿನಿಂದ ಬಂದ ಆಪತ್ತು ಎಂಬ ಭಾವನೆ ಬಲವಾಗಿದೆ. ಹತ್ತು, ಹನ್ನೊಂದನೆಯ ಶತಮಾನದಲ್ಲಿ ಬಾಳಿದ ಇಬ್ನ್ ಮಿಸ್ಕವೈಹ್ ಎಂಬ ಚಿಂತಕ ಸಸ್ಯಗಳ ಸಾಲಿನ ಕೊನೆಯಲ್ಲಿ ಖರ್ಜೂರದ ಮರವನ್ನು ನಿಲ್ಲಿಸಿದ. ಅದು ಪ್ರಾಣಿಲೋಕದ ಹೊಸ್ತಿಲಲ್ಲಿದೆ ಎಂದ. ಕಾರಣ, ಅದರಲ್ಲಿ ಗಂಡು ಹೆಣ್ಣು ಬೇರೆ ಬೇರೆ, ತಲೆ ಕಡಿದರೆ ಸಾಯುತ್ತದೆ. ಸುಳಿ ಹೋದ ತೆಂಗು ಬದುಕದು ಎಂಬುದನ್ನು ನೋಡಿದ ದಬ್ಬೇಘಟ್ಟದ ರೈತನಿಗೆ ಈ ಮಾತು ಥಟ್ಟನೆ ಅರ್ಥವಾಗುತ್ತದೆ. 1377ರಲ್ಲಿ ಇಬ್ನ್ ಖಲ್ದೂನ್ ತನ್ನ 'ಮುಖದ್ದಿಮಾ'ದಲ್ಲಿ ಖನಿಜ, ಸಸ್ಯ, ಪ್ರಾಣಿ, ವಾನರ, ಮನುಷ್ಯ ಎಂಬ ಸರಪಳಿಯನ್ನು ವರ್ಣಿಸಿದ; ಅಲ್ಲಿಯೂ ಸಸ್ಯಗಳ ಅಂಚಿನಲ್ಲಿ ತಾಳೆಯ ಕುಲದ ಮರವಿದೆ.

ಹಾಗೆಂದು 'ಡಾರ್ವಿನ್ ಹೇಳಿದ್ದನ್ನು ನಮ್ಮವರು ಮೊದಲೇ ಹೇಳಿದ್ದರು' ಎಂದು ಎದೆಯುಬ್ಬಿಸುವುದು ಬೇಡ. ಅವರು ಹೇಳಿದ್ದು ಸೃಷ್ಟಿಯ ಶ್ರೇಣಿಯನ್ನು. ನೈಸರ್ಗಿಕ ಆಯ್ಕೆಯ ಪುರಾವೆ ಅವರ ಬಳಿ ಇರಲಿಲ್ಲ. ಅವರಿಂದ ನಾವು ಕಲಿಯಬೇಕಾದದ್ದು ಬೇರೆ. ಮನುಷ್ಯನನ್ನು ವಾನರದ ಪಕ್ಕದಲ್ಲಿಟ್ಟು ಯೋಚಿಸಿದರೆ ಈಮಾನು ಕರಗಿಹೋಗುತ್ತದೆ ಎಂದು ಅವರು ಹೆದರಲಿಲ್ಲ.

ಖರ್ಜೂರದ ಮಾತು ಬಂದಾಗ ನಮಗೆ ಸಹೀಹ್ ಮುಸ್ಲಿಮ್‌ನಲ್ಲಿ ದಾಖಲಾದ ಪ್ರಸಂಗ ನೆನಪಾಗುತ್ತದೆ. ಮದೀನಾದ ರೈತರು ಗಂಡು ಮರದ ಹೂವನ್ನು ಹೆಣ್ಣು ಮರಕ್ಕೆ ತಾಗಿಸುತ್ತಿದ್ದುದನ್ನು ಕಂಡ ಪ್ರವಾದಿ(ಸ)ಯವರು, ಇದರ ಅಗತ್ಯವಿಲ್ಲವೇನೋ ಎಂಬರ್ಥದ ಮಾತಾಡಿದರು. ರೈತರು ನಿಲ್ಲಿಸಿದರು, ಫಸಲು ಕುಸಿಯಿತು. ಆಗ ಪ್ರವಾದಿಯವರು ಲೌಕಿಕ ವ್ಯವಹಾರಗಳನ್ನು ನೀವೇ ಚೆನ್ನಾಗಿ ಬಲ್ಲಿರಿ ಎಂದು ರೈತರ ಅರಿವಿಗೇ ಮನ್ನಣೆ ಕೊಟ್ಟರು. ಪರಾಗಸ್ಪರ್ಶದ ವಿಷಯದಲ್ಲಿ ತೋಟದ ಸಾಕ್ಷ್ಯವನ್ನು ಪ್ರವಾದಿಯವರೇ ಮಾನ್ಯ ಮಾಡಿದ ಮೇಲೆ, ತೋಟ ಹೇಳುವುದನ್ನು ಕೇಳಲು ನಾವೇಕೆ ಅಂಜಬೇಕು? ಭೂಮಿಯಲ್ಲಿ ಸಂಚರಿಸಿ ಸೃಷ್ಟಿ ಹೇಗೆ ಆರಂಭವಾಯಿತೆಂದು ನೋಡಲು ಕುರ್‌ಆನ್ ಹೇಳುವುದು ಅಲ್ ಅಂಕಬೂತ್ ಅಧ್ಯಾಯದಲ್ಲಿ. ಅಂಕಬೂತ್ ಎಂದರೆ ಜೇಡ.

ಆದರೂ ಒಂದು ಕಷ್ಟವನ್ನು ಮುಚ್ಚಿಡುವುದು ಸಲ್ಲದು. ಗಿಡಮರ, ಪ್ರಾಣಿಗಳ ವಿಷಯದಲ್ಲಿ ಒಪ್ಪುವವರೂ ಹಜ್ರತ್ ಆದಮರ ವಿಷಯಕ್ಕೆ ಬಂದಾಗ ನಿಂತುಬಿಡುತ್ತಾರೆ. ಹೆಚ್ಚಿನ ಉಲೇಮಾಗಳ ನಿಲುವು ಇದೇ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಲೆಬನಾನಿನ ಹುಸೈನ್ ಅಲ್ ಜಿಸ್ರ್‌ರಂಥ ಆಲಿಮರು, ಪುರಾವೆ ದೃಢಪಟ್ಟರೆ ಗ್ರಂಥದ ಅರ್ಥವನ್ನು ಅದಕ್ಕೆ ಹೊಂದುವಂತೆ ಗ್ರಹಿಸಬಹುದು ಎಂದರು. ದೇವರ ವಾಕ್ಯಕ್ಕೂ ದೇವರ ಕೃತಿಗೂ ವಿರೋಧ ಇರಲಾರದು ಎಂಬುದು ಸರ್ ಸಯ್ಯದರ ನಂಬಿಕೆಯಾಗಿತ್ತು. ಈ ಚರ್ಚೆ ಇನ್ನೂ ಮುಗಿದಿಲ್ಲ. ಮಗು ಅದನ್ನು ಜೀವನವಿಡೀ ಯೋಚಿಸಲಿ. ಆದರೆ ಪುರಾವೆ ಏನು ಎಂಬುದೇ ತಿಳಿಯದೆ ಯೋಚಿಸುವುದಾದರೂ ಹೇಗೆ?

ಪುರಾವೆಯನ್ನು ಮರೆಮಾಡುವ ವಿಷಯದಲ್ಲಿ, ಉಳಿದೆಲ್ಲಕ್ಕೂ ಜಗಳವಾಡುವವರು ಒಂದಾಗುವುದು ವಿಚಿತ್ರ. 2017ರಲ್ಲಿ ತುರ್ಕಿ ಪ್ರೌಢಶಾಲೆಗಳಿಂದ ವಿಕಾಸದ ಪಾಠವನ್ನು ತೆಗೆಯುವುದಾಗಿ ಪ್ರಕಟಿಸಿತು. 2018ರ ಜನವರಿಯಲ್ಲಿ ನಮ್ಮ ಕೇಂದ್ರ ಮಾನವ ಸಂಪನ್ಮೂಲ ರಾಜ್ಯ ಸಚಿವರಾಗಿದ್ದ ಸತ್ಯಪಾಲ್ ಸಿಂಗ್, ಮಂಗ ಮನುಷ್ಯನಾದುದನ್ನು ನಮ್ಮ ಪೂರ್ವಜರು ಯಾರೂ ಕಂಡಿಲ್ಲ, ಡಾರ್ವಿನ್ ತಪ್ಪು ಎಂದರು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಅದನ್ನು ಅಲ್ಲಗಳೆದವು. ಹೊರೆ ಇಳಿಸುವ ಹೆಸರಿನಲ್ಲಿ ಎನ್‌ಸಿಇಆರ್‌ಟಿ 10ನೇ ತರಗತಿಯ 'ಅನುವಂಶೀಯತೆ ಮತ್ತು ಜೀವವಿಕಾಸ' ಪಾಠದಿಂದ ವಿಕಾಸವನ್ನು ಕತ್ತರಿಸಿತು. 9ನೇ ತರಗತಿಯ ಜೀವವೈವಿಧ್ಯ ವರ್ಗೀಕರಣದ ಪಾಠವನ್ನೂ ಕೈಬಿಟ್ಟಿತು. 2023ರ ಏಪ್ರಿಲ್‌ನಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಅಧ್ಯಾಪಕರು ಅದನ್ನು ವಿರೋಧಿಸಿ ಪತ್ರ ಬರೆದರು. ನಮ್ಮ ಸಮುದಾಯದಲ್ಲಿ ಕೆಲವರು ಒಳಗೊಳಗೇ ಸಂತೋಷಪಟ್ಟಿರಬಹುದು. ಇಂದು ಈ ಪಾಠ ಕತ್ತರಿಸಿದ ಕೈ ನಾಳೆ ಯಾವ ಪಾಠ ಕತ್ತರಿಸೀತು ಎಂದು ಅವರು ಯೋಚಿಸಬೇಕು.

ಧರ್ಮವನ್ನು ರಕ್ಷಿಸಲು ಹೊರಟವರು ಎಂಥ ಸಾಧನ ಹಿಡಿದರು ಎಂಬುದಕ್ಕೂ ಒಂದು ನಿದರ್ಶನವಿದೆ. ತುರ್ಕಿಯ ಹಾರೂನ್ ಯಹ್ಯಾ ಎಂಬ ಹೆಸರಿನಲ್ಲಿ ಬಂದ 'ಸೃಷ್ಟಿಯ ಅಟ್ಲಾಸ್' ಎಂಬ ದಪ್ಪ, ಹೊಳೆಯುವ ಪುಸ್ತಕದಲ್ಲಿ, ಜೀವಿಗಳು ಬದಲಾಗಿಲ್ಲ ಎಂದು ತೋರಿಸಲು ಹಾಕಿದ್ದ ಕೀಟವೊಂದರ ಚಿತ್ರ ನಿಜವಾದ ಕೀಟದ್ದಲ್ಲ. ಮೀನು ಹಿಡಿಯುವ ನಕಲಿ ಹುಳುವಿನದು. ಚಿತ್ರದಲ್ಲಿ ಗಾಳದ ಕೊಕ್ಕೆ ಕೂಡ ಕಾಣುತ್ತಿತ್ತು. ಪರಮ ಸತ್ಯವನ್ನು ನಂಬುವವರಿಗೆ ಇಂಥ ಊರುಗೋಲು ಬೇಕೆ?

ಇನ್ನೊಂದು ಕಡೆಗೂ ಹೇಳಬೇಕಾದ ಮಾತಿದೆ. ಈ ಪಾಠವನ್ನು ಮಗುವಿನ ನಂಬಿಕೆಯನ್ನು ಗೇಲಿ ಮಾಡಲು ಬಳಸುವ ಮೇಷ್ಟ್ರೂ ಇದ್ದಾರೆ. ದೇವರಿದ್ದಾನೆಯೇ ಇಲ್ಲವೇ ಎಂಬುದು ನುಸಿಯ ಕಾಲಿನಿಂದ ತೀರ್ಮಾನವಾಗುವ ಪ್ರಶ್ನೆಯಲ್ಲ. ಹಾಗೆ ತೀರ್ಪು ಕೊಡುವವರು ವಿಜ್ಞಾನದ ಮೇರೆ ದಾಟುತ್ತಾರೆ, ಮಗುವನ್ನು ಪಾಠದಿಂದಲೇ ಓಡಿಸುತ್ತಾರೆ.

ಇಲ್ಲಿ ಒಂದು ಪದದ ಕಡೆ ಗಮನ ಕೊಡೋಣ. ಉರ್ದುವಿನಲ್ಲಿ 'ಅಮಾನತ್' ಎಂದರೆ ನಂಬಿ ಒಪ್ಪಿಸಿದ ಒಡವೆ. ಅದನ್ನು ಹಾಗೆಯೇ ಹಕ್ಕುದಾರರಿಗೆ ಮುಟ್ಟಿಸಬೇಕು. ಅದೇ ಪದ ಕನ್ನಡದ ಕಚೇರಿ ಮಾತಿನಲ್ಲಿ 'ಅಮಾನತು' ಆಗಿದೆ: ಕೆಲಸದಿಂದ ತಾತ್ಕಾಲಿಕವಾಗಿ ಹೊರಗಿಡುವುದು. ಶತಮಾನಗಳಿಂದ ಮನುಷ್ಯರು ನೋಡಿ, ಅಗೆದು, ಹೋಲಿಸಿ, ತಪ್ಪು ತಿದ್ದಿ ಕೂಡಿಟ್ಟ ಅರಿವು ಮೇಷ್ಟ್ರ ಕೈಯಲ್ಲಿರುವ ಅಮಾನತ್. ಅದರ ಹಕ್ಕುದಾರರು ಮಕ್ಕಳು. ನಾವು ಮಾಡುತ್ತಿರುವುದು ಪಾಠವನ್ನು ಅಮಾನತಿನಲ್ಲಿಡುವುದು.

ಇದರ ನಷ್ಟ ಅಂಕಪಟ್ಟಿಯಲ್ಲಿ ಕಾಣುವುದಿಲ್ಲ. ಕ್ಷಯದ ಮಾತ್ರೆಯನ್ನು ಸ್ವಲ್ಪ ಗುಣವಾದ ಕೂಡಲೇ ನಿಲ್ಲಿಸಿದರೆ, ಔಷಧಿಯನ್ನು ತಾಳಿಕೊಂಡ ಕೆಲವು ರೋಗಾಣುಗಳು ಉಳಿದು, ಅವುಗಳ ಸಂತಾನವೇ ಮೈ ತುಂಬುತ್ತದೆ; ಆಮೇಲೆ ಅದೇ ಮಾತ್ರೆ ಕೆಲಸ ಮಾಡದು. ಒಂದೇ ಕೀಟನಾಶಕವನ್ನು ಮತ್ತೆ ಮತ್ತೆ ಹೊಡೆದ ಹೊಲದಲ್ಲಿ ಆಗುವುದೂ ಇದೇ. ಇವೆಲ್ಲ ನೈಸರ್ಗಿಕ ಆಯ್ಕೆಯ ಪಾಠಗಳು. ಅವನ್ನು ತರಗತಿಯಲ್ಲಿ ಕಲಿಯದ ಮಕ್ಕಳು ಆಸ್ಪತ್ರೆಯಲ್ಲಿ, ತೋಟದಲ್ಲಿ ದುಬಾರಿ ಬೆಲೆಗೆ ಕಲಿಯಬೇಕಾಗುತ್ತದೆ.

ಹಾಗಾದರೆ ಆ ಹುಡುಗಿಗೆ ಏನು ಹೇಳಬೇಕಿತ್ತು? ನಮಗೆ ತೋಚುವುದು ಇಷ್ಟು. ತಿಳಿಯುವುದು ಗುನಾ ಅಲ್ಲ ಮಗಳೇ. ವಿಜ್ಞಾನಿಗಳು ಹೀಗೆ ಏಕೆ ಹೇಳುತ್ತಾರೆ, ಯಾವ ಆಧಾರದ ಮೇಲೆ ಹೇಳುತ್ತಾರೆ ಎಂಬುದನ್ನು ನೀನು ಸರಿಯಾಗಿ ತಿಳಿದು, ತಿಳಿದದ್ದನ್ನೇ ಬರೆ. ನಿನ್ನ ನಂಬಿಕೆ ಏನೆಂದು ಪರೀಕ್ಷೆ ಕೇಳುವುದಿಲ್ಲ, ನಾನೂ ಕೇಳುವುದಿಲ್ಲ. ಒಪ್ಪದ ಕಡೆ ಏಕೆ ಒಪ್ಪುವುದಿಲ್ಲ ಎಂದು ನನ್ನನ್ನು ಕೇಳು, ಮನೆಯಲ್ಲಿ ಕೇಳು, ಹಜ್ರತರನ್ನೂ ಕೇಳು. ಆದರೆ ಗೊತ್ತಿಲ್ಲದ್ದನ್ನು ಗೊತ್ತೆಂದು ಬರೆಯಬೇಡ.

ಇಷ್ಟು ಹೇಳಲು ಮೇಷ್ಟ್ರಿಗೆ ಧೈರ್ಯ ಬರಬೇಕಾದರೆ ತಂದೆತಾಯಂದಿರಾದ ನಾವು, ಮಸೀದಿ ಮಠಗಳ ಹಿರಿಯರು ಅವರ ಬೆನ್ನಿಗೆ ನಿಲ್ಲಬೇಕು. ಮಗು ತರಗತಿಯಲ್ಲಿ ಕಲಿತದ್ದನ್ನು ಮನೆಯಲ್ಲಿ ಅಂಜದೆ ಹೇಳುವಂತಿರಬೇಕು. ಮನೆಯಲ್ಲಿ ನಂಬಿದ್ದನ್ನು ತರಗತಿಯಲ್ಲಿ ನಾಚದೆ ಹೇಳುವಂತಿರಬೇಕು. ಎರಡರಲ್ಲಿ ಒಂದನ್ನು ಅಡಗಿಸಿಡಲು ಕಲಿತ ಮಗು ಮುಂದೆ ಎರಡನ್ನೂ ಅಡಗಿಸಿಡುತ್ತದೆ.