ನಡುವಿನ ಕಚ್ಚು

ಗೋಡೆಯ ಮೇಲಿನ ಫ್ಯಾನ್ ರೆಗ್ಯುಲೇಟರನ್ನು ಎಂದಾದರೂ ಗಮನವಿಟ್ಟು ನೋಡಿದ್ದೀರಾ? ಒಂದರಿಂದ ಐದರವರೆಗೆ ಅಂಕಿಗಳಿರುತ್ತವೆ. ಬೇಸಿಗೆಯಲ್ಲಿ ಐದು, ಮಳೆಗಾಲದಲ್ಲಿ ಎರಡು. ಮಿಕ್ಕವನ್ನು ನಾವು ಮುಟ್ಟುವುದೇ ಅಪರೂಪ. ಮಿಕ್ಸಿಯದೂ ಅದೇ ಕಥೆ. ಮೂರು ವೇಗಗಳಿದ್ದರೂ ಚಟ್ನಿಗೆ ಕೈ ತಾನಾಗಿ ಒಂದಕ್ಕೇ ಹೋಗುತ್ತದೆ. ಎಷ್ಟು ಅಂಕಿಗಳಿರಬೇಕು, ಯಾವುದರ ಪಕ್ಕದಲ್ಲಿ ಯಾವುದು ಬರಬೇಕು ಎಂಬುದನ್ನು ಯಾರೋ ಎಲ್ಲೋ ಕುಳಿತು ತೀರ್ಮಾನಿಸಿರುತ್ತಾರೆ. ಅವರ ಆ ತೀರ್ಮಾನದೊಳಗೇ ಒಂದನ್ನು ಆರಿಸಿಕೊಂಡು ನಾವು 'ಇದು ನನ್ನಿಷ್ಟ' ಎಂದುಕೊಳ್ಳುತ್ತೇವೆ.

ಹಾಗಾದರೆ ಆಯ್ಕೆ ಎಂದರೇನು? ಅಂಕಿಗಳು ಹೆಚ್ಚಾದಷ್ಟೂ ಸ್ವಾತಂತ್ರ್ಯ ಹೆಚ್ಚುತ್ತದೆಯೇ? ಈ ಪ್ರಶ್ನೆ ನನ್ನನ್ನು ಹಿಡಿದು ಕೂರಿಸಿದ್ದು ಎಲೆಕ್ಟ್ರಿಕ್ ಗಿಟಾರಿನ ಒಂದು ಪುಟ್ಟ ಸ್ವಿಚ್ಚಿನ ನೆಪದಲ್ಲಿ. ನಮ್ಮಕ್ಕನ ಮಗಳು ರಜೆಗೆ ಬಂದವಳು ಊಟದ ಮೇಜಿನ ಮೇಲೆ ಗಿಟಾರೊಂದನ್ನು ಬಿಚ್ಚಿ ಹರಡಿಕೊಂಡಿದ್ದಳು. ತನಗೆ ಬೇಕಾದಂತೆ ತಂತಿಗಳನ್ನು ಬೆಸೆದುಕೊಳ್ಳುವುದು ಅವಳ ಹಂಬಲ. "ಚಿಕ್ಕಮ್ಮ, ಬೆಸುಗೆ ಹಾಕೋದು ಒಂದು ಗಂಟೆ ಕೆಲಸ. ಯಾವ ಸ್ವಿಚ್ ಅಂತ ತೀರ್ಮಾನ ಮಾಡೋದರಲ್ಲೇ ಮೂರು ದಿನ ಹೋಯ್ತು ನೋಡಿ" ಎಂದಳು. ಕೂದಲೆಳೆಯಂಥ ತಂತಿಗಳ ಆ ಗೋಜಲನ್ನು ಅವಳು ಬಿಡಿಸಿ ಹೇಳುತ್ತಾ ಹೋದಂತೆ ನನಗೂ ಕುತೂಹಲ ಹುಟ್ಟಿತು.

ವಿಷಯ ಇಷ್ಟು. ಎಲೆಕ್ಟ್ರಿಕ್ ಗಿಟಾರಿನ ಉಕ್ಕಿನ ತಂತಿಗಳ ಕೆಳಗೆ ಪಿಕಪ್ ಎಂಬ ಸಾಧನ ಇರುತ್ತದೆ. ಅಯಸ್ಕಾಂತದ ಸುತ್ತ ಬಲು ತೆಳುವಾದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿರುತ್ತಾರೆ. ಮೇಲೆ ತಂತಿ ಕಂಪಿಸಿದರೆ ಸುರುಳಿಯಲ್ಲಿ ಸಣ್ಣ ವಿದ್ಯುತ್ತು ಹುಟ್ಟುತ್ತದೆ. ಅದೇ ಸ್ಪೀಕರಿನಲ್ಲಿ ನಾದವಾಗುತ್ತದೆ. ಪಿಕಪ್ ಎಲ್ಲಿದೆ ಎಂಬುದರ ಮೇಲೆ ದನಿಯ ಬಣ್ಣ. ವೀಣೆ ಕಲಿತವರಿಗೆ ಇದು ಸುಲಭವಾಗಿ ಅರ್ಥವಾದೀತು. ಕುದುರೆಯ ಹತ್ತಿರ ಮೀಟಿದರೆ ದನಿ ಚುರುಕು, ದೂರದಲ್ಲಿ ಮೀಟಿದರೆ ಮೃದು, ದುಂಡು. ಗಿಟಾರಿನಲ್ಲೂ ಹಾಗೆಯೇ: ಕುದುರೆಯ ಬಳಿಯ ಪಿಕಪ್ಪಿನದು ತೀಕ್ಷ್ಣ ದನಿ, ಕೊರಳಿನ ಬಳಿಯದರದು ತುಂಬಿದ ದನಿ. ಯಾವ ಪಿಕಪ್ ಮಾತಾಡಬೇಕು, ಯಾವುದು ಸುಮ್ಮನಿರಬೇಕು ಎಂದು ಹೇಳುವುದೇ ಈ ಸ್ವಿಚ್ಚಿನ ಕೆಲಸ.

ಅಮೆರಿಕದ ಕ್ಯಾಲಿಫೋರ್ನಿಯಾದ ಫುಲರ್ಟನ್ ಎಂಬ ಊರಿನಲ್ಲಿ ರೇಡಿಯೋ ರಿಪೇರಿ ಅಂಗಡಿ ಇಟ್ಟಿದ್ದ ಲಿಯೋ ಫೆಂಡರ್, 1954ರಲ್ಲಿ ಸ್ಟ್ರಾಟೋಕಾಸ್ಟರ್ ಎಂಬ ಗಿಟಾರನ್ನು ಮಾರುಕಟ್ಟೆಗೆ ತಂದ. ಅವನಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ! ಆದರೆ ನುಡಿಸುವವರ ಕೈಗೆ ಕೊಟ್ಟು, ಅವರು ಹೇಳಿದ್ದನ್ನು ಕೇಳಿ ತಿದ್ದುತ್ತಿದ್ದ. ಆ ಗಿಟಾರಿನಲ್ಲಿ ಮೂರು ಪಿಕಪ್‌ಗಳು. ಸ್ವಿಚ್ಚಿಗೂ ಮೂರೇ ಸ್ಥಾನಗಳು. ಒಂದು ಸಲಕ್ಕೆ ಒಂದೇ ಪಿಕಪ್. ಲೆಕ್ಕ ಸರಿಯಾಗಿಯೇ ಇತ್ತು.

ನುಡಿಸುವವರು ಸುಮ್ಮನಿರಲಿಲ್ಲ. ಸ್ವಿಚ್ಚಿನ ಹಿಡಿಯನ್ನು ಎರಡು ಸ್ಥಾನಗಳ ನಡುವೆ ನಿಲ್ಲಿಸಿದರೆ ಎರಡು ಪಿಕಪ್‌ಗಳೂ ಒಟ್ಟಿಗೆ ದನಿಗೂಡಿಸುತ್ತಿದ್ದವು. ಒಂದೊಂದರಲ್ಲೂ ಇಲ್ಲದ, ಗಾಜಿನಂತೆ ತಿಳಿಯಾದ ಒಂದು ಹೊಸ ದನಿ! ಆದರೆ ಆ ಜಾಗದಲ್ಲಿ ಕಚ್ಚು ಇಲ್ಲ. ಮರ ಹತ್ತುವವರಿಗೆ ಕಾಲೂರಲು ಕಡಿದ ಕಚ್ಚಿನಂತೆ, ಸ್ವಿಚ್ಚಿನೊಳಗೂ ಹಿಡಿ ಟಿಕ್ಕೆಂದು ಕೂರಲು ಕಚ್ಚುಗಳಿರುತ್ತವೆ. ನಡುವೆ ಅದಿಲ್ಲದ ಕಾರಣ ಕೈ ಸ್ವಲ್ಪ ತಾಗಿದರೂ ಹಿಡಿ ಜಾರಿ ಆ ಕಡೆಗೋ ಈ ಕಡೆಗೋ ಹೋಗಿಬಿಡುತ್ತಿತ್ತು. ಕಡ್ಡಿ ಸಿಕ್ಕಿಸಿ ನಿಲ್ಲಿಸುತ್ತಿದ್ದವರೂ ಇದ್ದರಂತೆ. ಕೊನೆಗೆ ಐದು ಸ್ಥಾನಗಳ ಸ್ವಿಚ್ಚನ್ನು ಕಂಪನಿಯೇ ಹಾಕಿಕೊಡಲು ಶುರುಮಾಡಿದ್ದು 1977ರಲ್ಲಿ. ಇಪ್ಪತ್ತಮೂರು ವರ್ಷ! ಮರುವರ್ಷ ಡೈರ್ ಸ್ಟ್ರೇಟ್ಸ್ ತಂಡದ ಮಾರ್ಕ್ ನಾಫ್ಲರ್ 'ಸುಲ್ತಾನ್ಸ್ ಆಫ್ ಸ್ವಿಂಗ್' ಹಾಡಿನಲ್ಲಿ ಅಂಥದೇ ನಡುವಿನ ದನಿಯನ್ನು ಜಗತ್ತಿಗೆಲ್ಲ ಕೇಳಿಸಿದ.

ಈ ಕಥೆ ಕೇಳಿದಾಗಿನಿಂದ ನನಗೆ ಗಿಟಾರಿಗಿಂತ ಹೆಚ್ಚಾಗಿ ನಮ್ಮ ಹೆಂಗಸರೇ ನೆನಪಾಗುತ್ತಿದ್ದಾರೆ. ನಮ್ಮ ಬೀದಿಯಲ್ಲಿ ಒಬ್ಬರು ಟೀಚರಿದ್ದರು. ಮೂರು ತಿಂಗಳ ಕೂಸನ್ನು ಪಕ್ಕದ ಮನೆಯ ಅಜ್ಜಿಯ ಬಳಿ ಬಿಟ್ಟು ಶಾಲೆಗೆ ಹೋಗುವರು. ಮಧ್ಯಾಹ್ನದ ಗಂಟೆ ಹೊಡೆದೊಡನೆ ಬಿಸಿಲಿನಲ್ಲಿ ಓಡೋಡಿ ಬಂದು, ಹಾಲೂಡಿಸಿ, ತಾವು ಎರಡು ತುತ್ತು ಬಾಯಿಗೆ ಹಾಕಿಕೊಂಡು ಮತ್ತೆ ಓಟ. ಅವರ ಮುಂದಿದ್ದದ್ದು ಎರಡೇ ಸ್ಥಾನಗಳು: ಒಂದೋ ಕೆಲಸ ಬಿಡು, ಇಲ್ಲವೇ ಕೂಸನ್ನು ಬಿಡು. ಅವರು ಎರಡರ ನಡುವೆ ನಿಂತರು, ಬೆರಳಿನಿಂದ ಹಿಡಿಯನ್ನು ಒತ್ತಿ ಹಿಡಿದು ನಿಂತಂತೆ. "ಎಷ್ಟು ಚೆನ್ನಾಗಿ ನಿಭಾಯಿಸ್ತಾರೆ ನೋಡಿ" ಎಂದು ಬೀದಿಯವರೆಲ್ಲ ಹೊಗಳುತ್ತಿದ್ದೆವು. ಹೊಗಳುವುದಕ್ಕೆ ಖರ್ಚಿಲ್ಲ. ಕಚ್ಚು ಕಡಿದುಕೊಡುವುದಕ್ಕೆ ಖರ್ಚಿದೆ.

ನಮ್ಮ ದೇಶದಲ್ಲಿ ಹೆರಿಗೆ ಸೌಲಭ್ಯದ ಕಾನೂನು ಬಂದದ್ದು 1961ರಲ್ಲಿ. ಸಂಬಳಸಹಿತ ರಜೆ 12 ವಾರ. ಮೊದಲ ಎರಡು ಹೆರಿಗೆಗಳಿಗೆ ಅದು 26 ವಾರವಾಗಲು, ಐವತ್ತು ಮತ್ತು ಅದಕ್ಕಿಂತ ಹೆಚ್ಚು ಜನ ಕೆಲಸಮಾಡುವ ಕಡೆ ಶಿಶುವಿಹಾರ ಇರಬೇಕೆಂದು ಬರೆಯಲು 2017 ಬರಬೇಕಾಯಿತು. ಐವತ್ತಾರು ವರ್ಷ! ಮನೆಮನೆಗೆ ಹೋಗಿ ಪಾತ್ರೆ ತೊಳೆಯುವ ತಾಯಿಗೆ ಈ ಕಚ್ಚು ಇಂದಿಗೂ ಎಟುಕಿಲ್ಲ. ಅವಳು ಬೆರಳಿನಿಂದ ಒತ್ತಿಕೊಂಡೇ ನಿಂತಿದ್ದಾಳೆ. ಜನ ಕಷ್ಟಪಟ್ಟು ನಡುವಿನ ಜಾಗದಲ್ಲಿ ಮತ್ತೆ ಮತ್ತೆ ನಿಲ್ಲುತ್ತಿದ್ದಾರೆ ಎಂದರೆ ಅವರ ಜಾಣ್ಮೆಯನ್ನು ಮೆಚ್ಚಿ ಸುಮ್ಮನಾಗುವುದು ನ್ಯಾಯವಲ್ಲ. ಅಲ್ಲಿ ಒಂದು ಸ್ಥಾನ ಬೇಕಾಗಿದೆ ಎಂಬುದಕ್ಕೆ ಅವರ ದಣಿವೇ ಸಾಕ್ಷಿ.

ಹಾಗೆಂದು ಸಾಧ್ಯವಿರುವ ಎಲ್ಲಕ್ಕೂ ಕಚ್ಚು ಬೇಕೇ? ಇಲ್ಲಿ ಮಾತು ಸ್ವಲ್ಪ ತೊಡಕಾಗುತ್ತದೆ. ಮೂರು ಪಿಕಪ್‌ಗಳನ್ನು ಬೆರಳು ಮಡಿಚಿ ಲೆಕ್ಕ ಹಾಕಿ ನೋಡಿ. ಒಂದೊಂದೇ ಆದರೆ ಮೂರು, ಜೋಡಿಯಾದರೆ ಮೂರು, ಮೂರೂ ಒಟ್ಟಿಗೆ ಒಂದು, ಒಟ್ಟು ಏಳು. ಐದರ ಸ್ವಿಚ್ಚಿನಲ್ಲಿ ಎರಡು ತಪ್ಪಿಹೋಗುತ್ತವೆ: ಕೊರಳಿನದೂ ಕುದುರೆಯದೂ ಮಾತ್ರ ಸೇರಿದ್ದು, ಮತ್ತು ಮೂರೂ ಸೇರಿದ್ದು. ಬೇಕೆನ್ನುವವರು ಪಕ್ಕದಲ್ಲಿ ಇನ್ನೊಂದು ಪುಟ್ಟ ಸ್ವಿಚ್ ಇಟ್ಟು ಏಳನ್ನೂ ಪಡೆಯುತ್ತಾರೆ. ಇಂಗ್ಲೆಂಡಿನ ಬ್ರಯಾನ್ ಮೇ 1963ರಲ್ಲಿ, ಇನ್ನೂ ಹುಡುಗನಾಗಿದ್ದಾಗ, ತಂದೆಯ ಜೊತೆ ಸೇರಿ ಮನೆಯಲ್ಲೇ ಗಿಟಾರ್ ಕಟ್ಟಲು ಶುರುಮಾಡಿದ. ಹಳೆಯ ಅಗ್ಗಿಷ್ಟಿಕೆಯ ಮರವೇ ಅದರ ಕೊರಳಾಯಿತು. ಅದರಲ್ಲಿ ಪ್ರತಿ ಪಿಕಪ್ಪಿಗೂ ಎರಡೆರಡರಂತೆ ಆರು ಸ್ವಿಚ್ಚುಗಳು! ಕ್ವೀನ್ ತಂಡದಲ್ಲಿ ಅವನು ಜೀವಮಾನವಿಡೀ ನುಡಿಸಿದ್ದು ಮುಖ್ಯವಾಗಿ ಆ ಗಿಟಾರನ್ನೇ. ಅವನೇ ಕಟ್ಟಿದ್ದು, ಅವನದೇ ಕೈ. ಆರು ಸ್ವಿಚ್ಚುಗಳೂ ಅವನಿಗೆ ಅಂಗೈ ಗೆರೆಗಳಾಗಿದ್ದವು. ಇನ್ನೊಬ್ಬರ ಕೈಗೆ ಅವೇ ಆರು ಗೊಂದಲವಾಗಬಹುದು.

ನನ್ನ ಅಕ್ಕನ ಮಗಳ ಚಿಂತೆಯೂ ಅದೇ ಆಗಿತ್ತು. ಅವಳ ಮುಂದೆ ಬಗೆಬಗೆಯ ಸ್ವಿಚ್ಚುಗಳಿದ್ದವು. ದುಂಡಗೆ ತಿರುಗಿಸುವುದರಲ್ಲಿ ಸ್ಥಾನಗಳನ್ನು ಹೆಚ್ಚು ಕೂರಿಸಬಹುದು. ಆದರೆ ಎಲ್ಲಿಗೆ ಬಂದಿದೆಯೆಂದು ತಿಳಿಯಲು ಬಗ್ಗಿ ನೋಡಬೇಕು. 'ಸೂಪರ್ ಸ್ವಿಚ್' ಎಂಬುದರಲ್ಲಿ ಐದು ಸ್ಥಾನಗಳಿಗೂ ನಾಲ್ಕು ನಾಲ್ಕು ಬೇರೆ ದಾರಿಗಳು. ಏನನ್ನು ಬೇಕಾದರೂ ಏನಕ್ಕೆ ಬೇಕಾದರೂ ಜೋಡಿಸಬಹುದು. ಆದರೆ ಅದರ ಗಾತ್ರ ದೊಡ್ಡದು. ಮರದೊಳಗಿನ ಗುಳಿಯಲ್ಲಿ ಹಿಡಿಸುತ್ತದೆಯೇ ಎಂದು ಮೊದಲೇ ಅಳೆದು ನೋಡಬೇಕು. ಕತ್ತಲ ವೇದಿಕೆಯಲ್ಲಿ, ಹಾಡಿನ ನಡುವೆ, ಕಿರುಬೆರಳು ನೋಡದೆಯೇ ಹುಡುಕಿಕೊಳ್ಳಬೇಕಾದದ್ದು ಈ ಸ್ವಿಚ್. "ಏಳೂ ಇರಲಿ ಅಂತ ಆಸೆ ಚಿಕ್ಕಮ್ಮ. ಆದರೆ ನುಡಿಸೋವಾಗ ಲೆಕ್ಕ ಹಾಕ್ತಾ ಕೂತರೆ ಹಾಡು ಎಲ್ಲಿ ಹೋಗುತ್ತೆ?" ಎಂದಳು. ನನಗೆ ಆ ಮಾತು ಹಿಡಿಸಿತು. ನೂರು ಸೀರೆ ಹರಡಿದ ಅಂಗಡಿಯಲ್ಲಿ ಕೂತು ಕೊನೆಗೆ ಏನೂ ಬೇಡವೆನಿಸಿ ಎದ್ದುಬಂದ ಅನುಭವ ನಿಮಗೂ ಇದ್ದೀತು. ಕೈಗೆ ಎಟುಕುವುದು, ಕತ್ತಲಲ್ಲೂ ಸಿಗುವುದು, ಅದು ಆಯ್ಕೆ. ಮಿಕ್ಕದ್ದು ಬರೀ ಪಟ್ಟಿ.

ಆದರೆ ಆ ಎರಡನ್ನು ಬಿಟ್ಟವರು ಯಾರು ಎಂಬುದು ಮುಖ್ಯ. ಕೇಳಿ ನೋಡಿ, ನುಡಿಸಿ ನೋಡಿ, ನನಗೆ ಇದು ಬೇಡ ಎಂದು ಅವಳೇ ಬಿಟ್ಟರೆ ಅದು ವಿವೇಕ. 'ನಿನಗೇಕೆ ಅದೆಲ್ಲ' ಎಂದು ಬೇರೆಯವರು ತೆಗೆದಿಟ್ಟರೆ ಅದು ಬೇರೆಯೇ ಮಾತು. ಹೊರಗಿನಿಂದ ನೋಡಿದರೆ ಎರಡು ಗಿಟಾರುಗಳಲ್ಲೂ ಐದೇ ಕಚ್ಚುಗಳು. ಹೊರಗಿನಿಂದ ನೋಡಿದರೆ ಮನಸಾರೆ ಮನೆಯಲ್ಲಿರುವವಳೂ, ಬೇರೆ ದಾರಿಯಿಲ್ಲದೆ ಮನೆಯಲ್ಲಿರುವವಳೂ ಒಂದೇ ಬಾಗಿಲಲ್ಲಿ ರಂಗೋಲಿ ಹಾಕುತ್ತಾರೆ. ಸುಖವೋ ಅಲ್ಲವೋ ಎಂಬುದನ್ನು ಕಚ್ಚುಗಳನ್ನು ಎಣಿಸಿ ಹೇಳಲಾಗದು.

ಇನ್ನೊಂದು ಸೂಕ್ಷ್ಮವಿದೆ. ಕೆಲವು ಸ್ವಿಚ್ಚುಗಳು ಹಳೆಯ ಸಂಪರ್ಕವನ್ನು ಬಿಟ್ಟ ಮೇಲೆ ಹೊಸದನ್ನು ಮುಟ್ಟುತ್ತವೆ. ಆ ಅರೆಕ್ಷಣ ಗಿಟಾರ್ ಮೂಕ. ಗಿಟಾರಿಗೆ ಒಳ್ಳೆಯದೆನಿಸುವ ಬಗೆಯದು ಹೊಸದನ್ನು ಮುಟ್ಟಿದ ಮೇಲೆಯೇ ಹಳೆಯದನ್ನು ಬಿಡುತ್ತದೆ, ದನಿ ಕಡಿಯುವುದಿಲ್ಲ. ಆ ಹಳೆಯ ಮೂರರ ಸ್ವಿಚ್ ಈ ಬಗೆಯದಾಗಿದ್ದರಿಂದಲೇ ನಡುವೆ ಎರಡೂ ಒಟ್ಟಿಗೆ ನುಡಿದದ್ದು. ಬೃಹದಾರಣ್ಯಕ ಉಪನಿಷತ್ತಿನಲ್ಲಿ ಹುಲ್ಲಿನ ಹುಳುವಿನ ಹೋಲಿಕೆ ಬರುತ್ತದೆ: ಎಸಳಿನ ತುದಿಗೆ ಬಂದ ಹುಳು ಇನ್ನೊಂದು ಆಸರೆಯನ್ನು ಹಿಡಿದುಕೊಂಡ ಮೇಲೆಯೇ ತನ್ನನ್ನು ಅತ್ತ ಸೆಳೆದುಕೊಳ್ಳುತ್ತದಂತೆ. ಅಲ್ಲಿ ಅದು ದೇಹ ಬಿಟ್ಟುಹೋಗುವ ಆತ್ಮದ ಮಾತು. ಬದುಕಿರುವವರಿಗೂ ಅದು ಸಲ್ಲಬೇಡವೇ? ತವರು ಬಿಟ್ಟು ಗಂಡನ ಮನೆಗೆ, ಊರು ಬಿಟ್ಟು ಊರಿಗೆ ಹೋಗುವ ನಮ್ಮ ಹುಡುಗಿಯರಿಗೆ 'ಹಳೆಯದನ್ನು ಬಿಡು' ಎಂದು ಮೊದಲು ಹೇಳುತ್ತೇವೆ. ಹಿಡಿಯುವುದಕ್ಕೆ ಆಸರೆ ಸಿಕ್ಕಿತೇ ಎಂದು ಆಮೇಲೆ ಕೇಳುತ್ತೇವೆ. ಆ ನಡುವಿನ ಮೌನ ಅರೆಕ್ಷಣದ್ದಲ್ಲ, ಕೆಲವರಿಗೆ ಹತ್ತು ವರ್ಷಗಳದ್ದು.

ಅವಳು ಕೊನೆಗೆ ಐದರ ಸ್ವಿಚ್ಚನ್ನೇ ಆರಿಸಿಕೊಂಡಳು. ಆದರೆ ಐದರಲ್ಲಿ ಒಂದನ್ನು ಕೊರಳು-ಕುದುರೆಗಳ ಜೋಡಿಗೆ ಬದಲಾಯಿಸಿಕೊಂಡಳು. ಕಂಪನಿ ಬಿಟ್ಟದ್ದು ಅವಳಿಗೆ ಬೇಕಿತ್ತು, ಕಂಪನಿ ಕೊಟ್ಟ ಒಂದು ಬೇಕಿರಲಿಲ್ಲ. ಎಣಿಕೆ ಅದೇ, ಪಟ್ಟಿ ಮಾತ್ರ ಅವಳದು.

ನಮ್ಮ ಮನೆಗಳಲ್ಲಿ ಮಕ್ಕಳಿಗೆ, ಸೊಸೆಯಂದಿರಿಗೆ 'ಇದೋ ಅದೋ, ಆರಿಸಿಕೋ' ಎನ್ನುವ ಮೊದಲು ಆ ಪಟ್ಟಿಯನ್ನು ಬರೆಯುವಾಗ ಅವರನ್ನೂ ಕೂರಿಸಿಕೊಂಡಿದ್ದೆವೇ ಎಂದು ಕೇಳಿಕೊಳ್ಳಬೇಕು. ಗಿಟಾರ್ ನುಡಿಸಲು ಬಾರದ ಲಿಯೋ ಫೆಂಡರನೂ ಅಷ್ಟು ಮಾಡುತ್ತಿದ್ದ, ನುಡಿಸುವವರ ಮಾತು ಕೇಳುತ್ತಿದ್ದ. ಇನ್ನೊಬ್ಬರ ಬಾಳನ್ನು ಬಾಳಲು ನಮಗೂ ಬರುವುದಿಲ್ಲ. ಕೇಳುವುದಂತೂ ಸಾಧ್ಯವಿದೆ.