ದುಃಖದ ಮನೆಯಲ್ಲಿ ದಾಸೋಹ

ಒಂದೇ ಮನೆಯಲ್ಲಿ ತಾಯಿಯೂ ಹಿರಿಯ ಮಗಳೂ ಸ್ತನದ ಅರ್ಬುದರೋಗದಿಂದ ಲಿಂಗೈಕ್ಯರಾದರೆ ನೆರೆಹೊರೆಯವರು ‘ಪೂರ್ವಜನ್ಮದ ಪಾಪ’ವೆಂದು ಪಿಸುಗುಟ್ಟುವುದುಂಟು. ನೊಂದವರನ್ನು ಮತ್ತೆ ನೋಯಿಸುವ ಈ ಮಾತು ಶರಣಧರ್ಮಕ್ಕೆ ಸಲ್ಲದು. 1994 ಮತ್ತು 1995ರಲ್ಲಿ ವಿಜ್ಞಾನಿಗಳು ಗುರುತಿಸಿದ ಬಿ.ಆರ್.ಸಿ.ಎ. ಎಂಬ ಎರಡು ವಂಶವಾಹಿಗಳಲ್ಲಿ ದೋಷವಿದ್ದರೆ ಈ ರೋಗದ ಸಂಭವ ಬಹಳ ಹೆಚ್ಚುವುದು. ಅಂಥ ದೋಷವುಳ್ಳ ತಂದೆಯಿಂದಾಗಲಿ ತಾಯಿಯಿಂದಾಗಲಿ ಪ್ರತಿಯೊಂದು ಮಗುವಿಗೂ ಅದು ಬರುವ ಸಂಭವ ನೂರಕ್ಕೆ 50; ದೋಷ ಬಂದವರಿಗೆಲ್ಲ ರೋಗ ಬಂದೇ ತೀರುವುದೆಂಬ ನಿಯಮವಿಲ್ಲ.

ಹಾಗಾದರೆ ಉಳಿದ ಮಗಳ ಗೆಳತಿಯ ಕರ್ತವ್ಯವೇನು? ಉಪದೇಶವಲ್ಲ. ಪರೀಕ್ಷೆ ಮಾಡಿಸುವುದೂ ಬಿಡುವುದೂ ಅವಳ ನಿರ್ಧಾರ. ವೈದ್ಯರಲ್ಲಿಗೆ ಹೋಗುವ ದಿನ ಜೊತೆಯಾಗುವುದು, ಮಕ್ಕಳಿಗೆ ರೊಟ್ಟಿ ಬಡಿದುಕೊಡುವುದು, ಅಗಲಿದವರ ಹೆಸರನ್ನು ಅಂಜದೆ ಎತ್ತುವುದು, ಅವಳು ಅತ್ತಾಗ ಮೌನವಾಗಿ ಬಳಿಯಲ್ಲಿರುವುದು—ಇದೂ ದಾಸೋಹವೇ. ಇಲ್ಲಿ ನೀಡಬೇಕಾದುದು ಅನ್ನವೊಂದೇ ಅಲ್ಲ, ನಮ್ಮ ಸಮಯ.